ಯುರೋಪಿನ ರೈಲು: ವೇಳಾಪಟ್ಟಿ ಒಂದು ಕಡೆ ನೋಡಿ, ಟಿಕೆಟ್ ಇನ್ನೊಂದು ಕಡೆ ಕೊಳ್ಳಿ

ಪ್ರಶ್ನೆ: ನಾನು ಧಾರವಾಡದ ನಿವೃತ್ತ ಶಿಕ್ಷಕಿ. ಮಗಳು ಫ್ರಾಂಕ್‌ಫರ್ಟ್‌ನಲ್ಲಿ ಕೆಲಸದಲ್ಲಿದ್ದಾಳೆ. ಬರುವ ಮೇ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಅವಳ ಮನೆಗೆ ಹೋಗಿ, ಅಲ್ಲಿಂದ ನಾವಿಬ್ಬರೇ ಪ್ಯಾರಿಸ್, ಇಂಟರ್‌ಲಾಕೆನ್, ವೆನಿಸ್, ವಿಯೆನ್ನಾ, ಪ್ರಾಗ್ ನೋಡಿಕೊಂಡು ಫ್ರಾಂಕ್‌ಫರ್ಟ್‌ಗೆ ವಾಪಸಾಗಬೇಕೆಂದಿದ್ದೇವೆ. ಎಲ್ಲ ಕಡೆಗೂ ರೈಲಿನಲ್ಲೇ. ಆದರೆ ಇಂಟರ್ನೆಟ್ಟಿನಲ್ಲಿ ನೋಡಿದಷ್ಟೂ ತಲೆ ಕೆಡುತ್ತಿದೆ. ಒಂದು ಸೈಟು ರೈಲು ಇದೆ ಅನ್ನುತ್ತದೆ, ಇನ್ನೊಂದು ಇಲ್ಲವೇ ಇಲ್ಲ ಅನ್ನುತ್ತದೆ. ಒಂದೇ ರೈಲಿಗೆ ಎರಡು ಕಡೆ ಎರಡು ದರ. ಎಂಟು ನಿಮಿಷದಲ್ಲಿ ರೈಲು ಬದಲಿಸಿ ಅನ್ನುತ್ತದೆ. ಯಜಮಾನರಿಗೆ ಮಂಡಿ ನೋವು. ಪಾಸ್ ತೆಗೆದುಕೊಳ್ಳುವುದು ಒಳ್ಳೆಯದೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಈ ಗೊಂದಲದಲ್ಲಿ ನಿಮ್ಮ ತಪ್ಪೇನೂ ಇಲ್ಲ ಮೇಡಂ. ನಮಗೆ ಇಡೀ ದೇಶಕ್ಕೆ ಒಂದೇ ರೈಲ್ವೆ, ಒಂದೇ ವೇಳಾಪಟ್ಟಿ, ಟಿಕೆಟ್ಟಿಗೆ ಐಆರ್‌ಸಿಟಿಸಿ ಎಂಬ ಒಂದೇ ಅಂಗಡಿ ರೂಢಿ. ಹುಬ್ಬಳ್ಳಿಯಿಂದ ಮೈಸೂರಿಗೆ ಹೋಗುವವರೂ ದೆಹಲಿಗೆ ಹೋಗುವವರೂ ಅದೇ ಪುಟದಲ್ಲಿ ಹುಡುಕಿ ಅಲ್ಲೇ ದುಡ್ಡು ಕಟ್ಟುತ್ತಾರೆ. ಯುರೋಪಿನಲ್ಲಿ ಹಳಿಗಳೇನೋ ಗಡಿ ದಾಟಿ ಕೂಡಿಕೊಂಡಿವೆ, ಅಂಗಡಿಗಳು ಕೂಡಿಕೊಂಡಿಲ್ಲ. ಪ್ರತಿ ದೇಶದ ರೈಲ್ವೆ ತನ್ನ ಟಿಕೆಟ್ ತಾನು ಮಾರುತ್ತದೆ, ಅದರ ಪಕ್ಕದಲ್ಲೇ ಖಾಸಗಿ ಕಂಪನಿಗಳೂ ಅದೇ ಹಳಿಯ ಮೇಲೆ ಓಡುತ್ತವೆ. ಎಲ್ಲರ ಸರಕೂ ಸಿಗುವ ಒಂದು ಅಂಗಡಿ ಇವತ್ತಿಗೂ ಇಲ್ಲ. ಆದ್ದರಿಂದ ವೇಳಾಪಟ್ಟಿ ನೋಡುವುದು ಒಂದು ಕೆಲಸ, ಟಿಕೆಟ್ ಕೊಳ್ಳುವುದು ಬೇರೆಯೇ ಕೆಲಸ ಎಂದುಕೊಂಡು ಕೂತರೆ ಅರ್ಧ ತಲೆನೋವು ಇಳಿಯುತ್ತದೆ. ಜರ್ಮನಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಊರಿಂದ ಬರುವ ಹಿರಿಯರಿಗೆ ಪ್ರಯಾಣ ಜೋಡಿಸಿಕೊಡುವಾಗಲೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ನೋಡುವ ಕೆಲಸಕ್ಕೆ ಜರ್ಮನ್ ರೈಲ್ವೆಯ, ಅಂದರೆ ಡಾಯ್ಚ ಬಾನ್‌ನ ಸೈಟು ಅಥವಾ ಅದರ ಡಿಬಿ ನ್ಯಾವಿಗೇಟರ್ ಆ್ಯಪ್ ಹಿಡಿಯಿರಿ. ಇಂಗ್ಲಿಷಿನಲ್ಲೂ ಇದೆ. ಜರ್ಮನಿಯನ್ನು ಮುಟ್ಟದ ಪ್ರಯಾಣವನ್ನೂ ಅದು ತೋರಿಸುತ್ತದೆ. ವೆನಿಸ್‌ನಿಂದ ವಿಯೆನ್ನಾ, ವಿಯೆನ್ನಾದಿಂದ ಪ್ರಾಗ್ ಎರಡನ್ನೂ ಅಲ್ಲೇ ನೋಡಬಹುದು. ಬೇರೆ ಬೇರೆ ರೈಲ್ವೆಗಳು ತಮ್ಮ ವೇಳಾಪಟ್ಟಿಯನ್ನು ಅಂತಾರಾಷ್ಟ್ರೀಯ ರೈಲ್ವೆ ಒಕ್ಕೂಟವಾದ ಯುಐಸಿಯ ಸಾಮಾನ್ಯ ಭಂಡಾರಕ್ಕೆ ಕೊಡುತ್ತವೆ. ದೊಡ್ಡ ರೈಲ್ವೆಗಳು ಅಲ್ಲಿಂದ ತುಂಬಿಕೊಳ್ಳುತ್ತವೆ. ಹೀಗಾಗಿ ಸಮಯ ಎಲ್ಲರ ಬಳಿಯೂ ಇರುತ್ತದೆ, ದರ ಮಾತ್ರ ಮಾರುವವನ ಬಳಿ ಇರುತ್ತದೆ. ರೈಲಿನ ಸಮಯ ತೋರಿಸಿ ‘ದರ ಲಭ್ಯವಿಲ್ಲ’ ಅಂದರೆ ಸೀಟು ತುಂಬಿದೆ ಎಂದು ಅರ್ಥವಲ್ಲ, ‘ಈ ಟಿಕೆಟ್ ನಾನು ಮಾರುವುದಿಲ್ಲ, ಬೇರೆ ಕಡೆ ಕೇಳಿ’ ಎಂದಷ್ಟೇ ಅರ್ಥ. ನಮ್ಮ ವೇಟಿಂಗ್ ಲಿಸ್ಟ್, ಆರ್‌ಎಸಿ ಲೆಕ್ಕದಲ್ಲಿ ಅದನ್ನು ಓದಿ ಎಷ್ಟೋ ಜನ ಆ ಊರನ್ನೇ ಪಟ್ಟಿಯಿಂದ ಕೈಬಿಟ್ಟದ್ದನ್ನು ಕಂಡಿದ್ದೇನೆ.

ಡಿಬಿ ಸೈಟಿನಲ್ಲಿ ಕಾಣದ ರೈಲುಗಳೂ ಉಂಟು. ಇಟಲಿಯಲ್ಲಿ 2012ರಿಂದ ಓಡುತ್ತಿರುವ ಇಟಾಲೊ ಎಂಬ ಖಾಸಗಿ ವೇಗದ ರೈಲು ಅಲ್ಲಿ ಸಿಗುವುದಿಲ್ಲ. ಸ್ಪೇನಿನ ಮಾಹಿತಿಯೂ ಅರೆಬರೆ. ಆದರೆ ಸ್ಪೇನಿಗೆ ನೀವು ಹೋಗುತ್ತಿಲ್ಲ, ಇಟಾಲೊ ಮಾತು ವೆನಿಸ್ಸಿನ ದಾರಿಯಲ್ಲಿ ಹೇಳುತ್ತೇನೆ. ನಿಮ್ಮ ಸುತ್ತಿಗೆ ಡಿಬಿ ಧಾರಾಳ ಸಾಕು. ಸ್ವಿಟ್ಜರ್ಲೆಂಡಿನೊಳಗೆ ಮಾತ್ರ ಅಲ್ಲಿಯ ರೈಲ್ವೆ ಎಸ್‌ಬಿಬಿಯ ಆ್ಯಪ್ ಇನ್ನೂ ಚೆನ್ನ. ದೋಣಿ, ಬಸ್ಸು, ಬೆಟ್ಟ ಹತ್ತುವ ರೈಲು ಎಲ್ಲ ಒಂದೇ ಹುಡುಕಾಟದಲ್ಲಿ ಬರುತ್ತವೆ.

ಈಗ ಹುಡುಕುವ ರೀತಿ. ಫ್ರಾಂಕ್‌ಫರ್ಟ್ ಎಂದು ಟೈಪ್ ಮಾಡಿದ ಕೂಡಲೇ ಕೆಳಗೆ ಒಂದು ಸಾಲು ಹೆಸರು ಬೀಳುತ್ತದೆ. ಕೈ ತಡೆದು ಓದಿ. ಫ್ರಾಂಕ್‌ಫರ್ಟ್ ಎರಡಿವೆ: ಮಾಯ್ನ್ ನದಿಯ ಮೇಲಿನದು ನಿಮ್ಮ ಮಗಳ ಊರು, ಓಡರ್ ನದಿಯ ಮೇಲಿನದು ಪೋಲೆಂಡಿನ ಗಡಿಯಲ್ಲಿದೆ. ಮಾಯ್ನ್ ಫ್ರಾಂಕ್‌ಫರ್ಟ್ ಒಳಗೂ ಹೌಪ್ಟ್‌ಬಾನ್‌ಹೋಫ್ ಅಂದರೆ ಮುಖ್ಯ ನಿಲ್ದಾಣ ಬೇರೆ, ವಿಮಾನ ನಿಲ್ದಾಣದ ದೂರಪ್ರಯಾಣದ ನಿಲ್ದಾಣ ಬೇರೆ, ದಕ್ಷಿಣದ ನಿಲ್ದಾಣ ಬೇರೆ. ವೆನಿಸ್ಸಿನಲ್ಲಿ ಸಾಂತಾ ಲುಚಿಯಾ ಎಂದರೆ ನೀರಿನ ದಡದ ನಿಲ್ದಾಣ, ಮೆಟ್ಟಿಲಿಳಿದರೆ ಎದುರಿಗೇ ದೊಡ್ಡ ಕಾಲುವೆ. ಮೆಸ್ತ್ರೆ ಎಂದರೆ ಸೇತುವೆಯ ಆಚೆ, ನೆಲದ ಮೇಲಿನ ಪಟ್ಟಣ. ಅಗ್ಗದ ಹೋಟೆಲುಗಳೆಲ್ಲ ಮೆಸ್ತ್ರೆಯಲ್ಲಿರುವುದರಿಂದ ನಿಮ್ಮ ಹೋಟೆಲ್ ಎಲ್ಲಿದೆ ಎಂದು ನೋಡಿಕೊಂಡು ಅದೇ ನಿಲ್ದಾಣ ಕೊಡಿ. ಇಂಟರ್‌ಲಾಕೆನ್ ಸಣ್ಣ ಊರಾದರೂ ಅಲ್ಲಿ ವೆಸ್ಟ್, ಓಸ್ಟ್ ಎಂದು ಎರಡು ನಿಲ್ದಾಣ. ಯೂಂಗ್‌ಫ್ರಾವ್ ಕಡೆಯ ಬೆಟ್ಟದ ರೈಲು ಹತ್ತುವುದು ಓಸ್ಟ್‌ನಲ್ಲಿ.

ಪ್ಯಾರಿಸ್ಸಿನ ಮಾತು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಅಲ್ಲಿ ಎಡವುವವರೇ ಹೆಚ್ಚು. ಆ ನಗರಕ್ಕೆ ಮಧ್ಯದ ನಿಲ್ದಾಣ ಅಂತ ಇಲ್ಲ. ದಿಕ್ಕಿಗೊಂದು ನಿಲ್ದಾಣ, ಒಂದಕ್ಕೊಂದು ದೂರದ ರೈಲಿನ ಸಂಪರ್ಕವಿಲ್ಲ. ಫ್ರಾಂಕ್‌ಫರ್ಟ್‌ನಿಂದ ಬರುವ ರೈಲು ಸುಮಾರು ನಾಲ್ಕು ಗಂಟೆಯಲ್ಲಿ ನಿಮ್ಮನ್ನು ಗಾರ್ ದ ಲೆಸ್ಟ್‌ನಲ್ಲಿ, ಅಂದರೆ ಪೂರ್ವದ ನಿಲ್ದಾಣದಲ್ಲಿ ಇಳಿಸುತ್ತದೆ. ಸ್ವಿಟ್ಜರ್ಲೆಂಡಿಗೆ ಹೋಗುವ ಟಿಜಿವಿ ಲಿರಿಯಾ ಎಂಬ ವೇಗದ ರೈಲು ಹೊರಡುವುದು ಗಾರ್ ದ ಲಿಯಾನ್‌ನಿಂದ. ಇಳಿದ ಜಾಗಕ್ಕೇ ವಾಪಸು ಹೋದರೆ ರೈಲು ತಪ್ಪಿತು ಅಂತಲೇ. ಮೂರು ನಾಲ್ಕು ದಿನ ಅಲ್ಲಿ ಇರುತ್ತೀರಿ, ಹಾಗಾಗಿ ಹೋಟೆಲನ್ನು ಬೆಳಗ್ಗೆ ಹೊರಡುವ ನಿಲ್ದಾಣದ ಹತ್ತಿರ ಹಿಡಿಯಿರಿ. ಬಂದ ದಿನ ಮಧ್ಯಾಹ್ನ ನಿಧಾನವಾಗಿ ಟ್ಯಾಕ್ಸಿಯಲ್ಲಿ ಹೋಗಬಹುದು, ಹೊರಡುವ ದಿನ ಅವಸರ ಬೇಡ. ಗಾರ್ ದ ಲಿಯಾನ್ ದೊಡ್ಡದು, ಒಳಗೆ ಬೇರೆ ಬೇರೆ ಹಾಲ್‌ಗಳು. ಕೆಲವು ಪ್ಲಾಟ್‌ಫಾರಂಗೆ ಅಕ್ಷರ, ಕೆಲವಕ್ಕೆ ಅಂಕಿ. ಪ್ಲಾಟ್‌ಫಾರಂ ಯಾವುದೆಂದು ಹೊರಡುವ ಸುಮಾರು ಇಪ್ಪತ್ತು ನಿಮಿಷ ಮೊದಲಷ್ಟೇ ಬೋರ್ಡಿನಲ್ಲಿ ಬೀಳುತ್ತದೆ, ಹೊರಡುವ ಎರಡು ನಿಮಿಷ ಮೊದಲೇ ಬಾಗಿಲು ಮುಚ್ಚಿಬಿಡುತ್ತಾರೆ. ಗಾಡಿ ನಿಂತಿದೆ, ಓಡಿ ಹತ್ತೋಣ ಎನ್ನುವುದು ಅಲ್ಲಿ ನಡೆಯದು.

ಬೋರ್ಡಿನ ಮೇಲಿನ ಹೆಸರುಗಳೂ ಆ ಊರಿನವರು ಕರೆಯುವಂತೆಯೇ ಇರುತ್ತವೆ. ವಿಯೆನ್ನಾ ಅಲ್ಲಿ ‘ವೀನ್’, ಪ್ರಾಗ್ ‘ಪ್ರಾಹಾ’. ಪ್ರಾಗಿನ ಮುಖ್ಯ ನಿಲ್ದಾಣಕ್ಕೆ ‘ಹ್ಲಾವ್ನಿ ನಾದ್ರಾಜಿ’ ಎನ್ನುತ್ತಾರೆ, ಬೋರ್ಡಿನಲ್ಲಿ ಬರೀ ‘hl.n.’ ಎಂದು ಚುಟುಕಾಗಿ ಇರುತ್ತದೆ. ಜರ್ಮನರು ವೆನಿಸ್ಸಿಗೆ ‘ವೆನೆಡಿಗ್’, ಮಿಲಾನಿಗೆ ‘ಮೈಲಾಂಡ್’ ಅನ್ನುತ್ತಾರೆ. ಇಟಲಿಯವರು ಮ್ಯೂನಿಕ್ ಊರನ್ನು ‘ಮೊನಾಕೊ’ ಎಂದೇ ಕರೆಯುತ್ತಾರೆ. ಹೆಸರು ಕೈಕೊಟ್ಟಾಗ ಹಿಡಿದುಕೊಳ್ಳಬೇಕಾದದ್ದು ರೈಲಿನ ನಂಬರು. ನಮ್ಮ ಐದಂಕಿಯ ನಂಬರಿನ ಹಾಗೆ ಅಲ್ಲೂ ಪ್ರತಿ ರೈಲಿಗೆ ಜಾತಿ ಹೇಳುವ ಅಕ್ಷರ, ಅದರ ಮುಂದೆ ನಂಬರು. ಐಸಿಇ ಅಂದರೆ ಜರ್ಮನಿಯ ವೇಗದ ರೈಲು, ಆರ್‌ಜೆ ಅಂದರೆ ಆಸ್ಟ್ರಿಯಾ, ಚೆಕ್ ರೈಲ್ವೆಗಳ ವೇಗದ ರೈಲ್‌ಜೆಟ್, ಇಸಿ ಅಂದರೆ ದೇಶದಿಂದ ದೇಶಕ್ಕೆ ಓಡುವ ಯೂರೋಸಿಟಿ, ಎನ್‌ಜೆ ಅಂದರೆ ರಾತ್ರಿಯ ನೈಟ್‌ಜೆಟ್. ಒಂದು ಸೈಟಿನಲ್ಲಿ ನೋಡಿದ ರೈಲನ್ನು ಇನ್ನೊಂದರಲ್ಲಿ ಗುರುತಿಸಲು ನಂಬರೂ ಹೊರಡುವ ಸಮಯವೂ ಸಾಕು.

ತಾರೀಖು ಹಾಕಿದ ಮೇಲೆ ಒಂದು ಸಾಲನ್ನು ಬಿಚ್ಚಿ ನೋಡಿ. ಉದಾಹರಣೆಗೆ ವಿಯೆನ್ನಾದಿಂದ ಪ್ರಾಗ್. ಮೇಲ್ನೋಟಕ್ಕೆ ಕಾಣುವುದು ಹೊರಡುವ ಸಮಯ, ಮುಟ್ಟುವ ಸಮಯ, ಸುಮಾರು ನಾಲ್ಕು ಗಂಟೆ, ಬದಲಾವಣೆ ಸೊನ್ನೆ. ಸಾಲನ್ನು ಒತ್ತಿದರೆ ಒಳಗಿನದು ಬಿಚ್ಚಿಕೊಳ್ಳುತ್ತದೆ: ಬ್ರೆಜೆಕ್ಲಾವ್, ಬ್ರನೊ ಹೀಗೆ ನಿಲ್ಲುವ ಊರುಗಳು, ಪ್ಲಾಟ್‌ಫಾರಂ ನಂಬರು, ಊಟದ ಡಬ್ಬಿ ಇದೆಯೇ, ಮತ್ತೆ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ. ಆ ಟಿಪ್ಪಣಿಯೇ ಮುಖ್ಯ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಓಡುವುದಿಲ್ಲ, ಸೋಮವಾರದಿಂದ ಶುಕ್ರವಾರ ಮಾತ್ರ, ಸೀಟು ಕಾದಿರಿಸುವುದು ಕಡ್ಡಾಯ, ಹಳಿ ಕೆಲಸದಿಂದ ಸುತ್ತು ಬಳಸಿ ಹೋಗುತ್ತದೆ — ಇವೆಲ್ಲ ಅಲ್ಲಿರುತ್ತವೆ. ಮೇ ತಿಂಗಳಲ್ಲಿ ರಜೆಗಳು ಸಾಲಾಗಿ ಬರುತ್ತವೆ: ಮೇ 1 ಬಹುಪಾಲು ದೇಶಗಳಲ್ಲಿ, ಮೇ 8 ಫ್ರಾನ್ಸಿನಲ್ಲಿ, ಕ್ರೈಸ್ತರ ಹಬ್ಬದ ಗುರುವಾರ, ಸೋಮವಾರಗಳು ಬೇರೆ. ಆ ದಿನಗಳ ಹಿಂದುಮುಂದಿನ ಸಂಜೆ ರೈಲುಗಳು ಕಿಕ್ಕಿರಿದಿರುತ್ತವೆ. ನಿಮಗೆ ಕೆಲಸದ ಗಡಿಬಿಡಿ ಇಲ್ಲ, ಮಂಗಳವಾರ, ಬುಧವಾರಗಳ ಬೆಳಗಿನ ಹತ್ತು ಗಂಟೆ ಆಸುಪಾಸಿನ ರೈಲು ಹಿಡಿಯಿರಿ. ಜನವೂ ಕಡಿಮೆ, ದರವೂ ಕಡಿಮೆ.

ನಿಮ್ಮ ತಾರೀಖಿಗೆ ಇನ್ನೂ ಏನೂ ತೋರಿಸದಿದ್ದರೆ ಗಾಬರಿ ಬೇಡ. ಯುರೋಪಿನ ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರಿನ ಎರಡನೇ ಶನಿವಾರದ ಮಧ್ಯರಾತ್ರಿ ಎಲ್ಲ ದೇಶಗಳಲ್ಲೂ ಒಟ್ಟಿಗೇ ಬದಲಾಗುತ್ತದೆ. ಜೂನಿನಲ್ಲಿ ಸಣ್ಣ ತಿದ್ದುಪಡಿ ಇರುತ್ತದೆ. ಡಿಸೆಂಬರಿನ ಆ ಗೆರೆಯ ಆಚೆಗಿನ ರೈಲುಗಳನ್ನು ಆಗಸ್ಟಿನಲ್ಲಿ ಹುಡುಕಿದರೆ ಬರೀ ಖಾಲಿ ಪುಟ ಕಾಣುತ್ತದೆ. ಆಗ ಬರುವ ಎರಡು ಮೂರು ವಾರದೊಳಗಿನ ಅದೇ ವಾರದ ದಿನವನ್ನು ಹಾಕಿ ನೋಡಿ. ಬುಧವಾರ ಪ್ರಯಾಣವಿದ್ದರೆ ಬುಧವಾರವನ್ನೇ ಹಾಕಿ. ಯಾವ ದಾರಿ, ಎಷ್ಟು ಹೊತ್ತು, ದಿನಕ್ಕೆ ಎಷ್ಟು ರೈಲು ಎಂಬ ಅಂದಾಜು ಸಿಗುತ್ತದೆ. ಅಷ್ಟು ಸಿಕ್ಕರೆ ಹೋಟೆಲ್ ರಾತ್ರಿಗಳನ್ನು ಲೆಕ್ಕ ಹಾಕಬಹುದು.

ಇದೇ ಕಾರಣಕ್ಕೆ ಹಳೆಯ ಪ್ರವಾಸ ಬರಹಗಳನ್ನೂ ವಿಡಿಯೊಗಳನ್ನೂ ನಂಬಿ ಯೋಜನೆ ಹಾಕಬೇಡಿ. ಪ್ಯಾರಿಸ್–ವಿಯೆನ್ನಾ ನೈಟ್‌ಜೆಟ್ 2021ರ ಡಿಸೆಂಬರಿನಲ್ಲಿ ಶುರುವಾದಾಗ ಎಲ್ಲರೂ ಕೊಂಡಾಡಿದರು. 2025ರ ಡಿಸೆಂಬರಿನ ಬದಲಾವಣೆಯಲ್ಲಿ ಅದು ನಿಂತೇಹೋಯಿತು. ಅದೇ ಡಿಸೆಂಬರ್ 14ರಂದು ಆಸ್ಟ್ರಿಯಾದಲ್ಲಿ ಕೋರಾಲ್ಮ್ ಮಾರ್ಗ ತೆರೆಯಿತು. 33 ಕಿ.ಮೀ. ಉದ್ದದ ಸುರಂಗ. ಗ್ರಾಟ್ಸ್‌ನಿಂದ ಕ್ಲಾಗನ್‌ಫುರ್ಟ್‌ಗೆ ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣ 45 ನಿಮಿಷಕ್ಕೆ ಇಳಿಯಿತು. ನೀವು ವೆನಿಸ್ಸಿನಿಂದ ವಿಯೆನ್ನಾಕ್ಕೆ ಹೋಗುವುದು ಕ್ಲಾಗನ್‌ಫುರ್ಟ್ ಮೇಲೆಯೇ. ಒಂದೇ ರಾತ್ರಿಯಲ್ಲಿ ಒಂದು ರೈಲು ಹೋಯಿತು, ಒಂದು ಹೊಸ ದಾರಿ ಬಂತು. ಅದಕ್ಕೂ ಹಿಂದಿನ ಬರಹದಲ್ಲಿ ಈ ಎರಡು ಬದಲಾವಣೆಯೂ ಸಿಗುವುದಿಲ್ಲ.

ನಿಮ್ಮ ಎಂಟು ನಿಮಿಷದ ಪ್ರಶ್ನೆಗೆ ಬರುತ್ತೇನೆ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಯಂತ್ರಕ್ಕೆ ಗೊತ್ತಿರುವುದು ಆ ನಿಲ್ದಾಣದಲ್ಲಿ ಒಂದು ಪ್ಲಾಟ್‌ಫಾರಂನಿಂದ ಇನ್ನೊಂದಕ್ಕೆ ಗಟ್ಟಿ ಕಾಲಿನ ಮನುಷ್ಯ ಎಷ್ಟು ಹೊತ್ತಿನಲ್ಲಿ ಹೋಗಬಲ್ಲ ಎಂಬುದಷ್ಟೇ. ನಿಮ್ಮ ಯಜಮಾನರ ಮಂಡಿ ಅದಕ್ಕೆ ಗೊತ್ತಿಲ್ಲ, ಎರಡು ಸೂಟ್‌ಕೇಸು ಗೊತ್ತಿಲ್ಲ, ಬರುವ ರೈಲು ಇವತ್ತು ತಡವಾಗುತ್ತದೆಂದೂ ಗೊತ್ತಿಲ್ಲ. ಹುಡುಕುವ ಪುಟದಲ್ಲಿ ಆಯ್ಕೆಗಳು ಎಂಬ ಗುಂಡಿಯೊಳಗೆ ‘ರೈಲು ಬದಲಿಸಲು ಕನಿಷ್ಠ ಸಮಯ’ ಎಂಬುದು ಇದೆ. ಅದನ್ನು ನೀವೇ ಏರಿಸಿಡಿ.

ಎಷ್ಟಕ್ಕೆ ಏರಿಸಬೇಕು ಎಂಬುದು ದೇಶ ನೋಡಿಕೊಂಡು. ಸ್ವಿಟ್ಜರ್ಲೆಂಡಿನಲ್ಲಿ ಎಂಟು ನಿಮಿಷ ನಿಜವಾಗಿಯೂ ಎಂಟು ನಿಮಿಷವೇ. 1982ರಿಂದ ಆ ದೇಶದ ವೇಳಾಪಟ್ಟಿ ಗಡಿಯಾರದ ಮುಳ್ಳಿಗೆ ಕಟ್ಟಿದ ಹಾಗಿದೆ: ರೈಲುಗಳು ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಹೊರಡುತ್ತವೆ. ಜೂರಿಕ್‌ನಂಥ ದೊಡ್ಡ ನಿಲ್ದಾಣಕ್ಕೆ ಗಂಟೆ ಬಾರಿಸುವ ಸ್ವಲ್ಪ ಮೊದಲು ಎಲ್ಲ ದಿಕ್ಕಿನ ರೈಲುಗಳೂ ಬಂದು ಸೇರುತ್ತವೆ, ಜನ ಅದಲುಬದಲಾಗುತ್ತಾರೆ, ಗಂಟೆ ಕಳೆದ ಸ್ವಲ್ಪಕ್ಕೇ ಎಲ್ಲವೂ ಹೊರಡುತ್ತವೆ. ಜೂರಿಕ್‌ನಿಂದ ಬರ್ನ್‌ಗೆ 56 ನಿಮಿಷ. ಅದನ್ನು ಗಂಟೆಯ ಒಳಗೆ ತರಲೆಂದೇ ಹೊಸ ಹಳಿ ಹಾಕಿದರು. ಮೊದಲು ವೇಳಾಪಟ್ಟಿ ಬರೆದು ಆಮೇಲೆ ಅದಕ್ಕೆ ತಕ್ಕ ಹಳಿ ಕಟ್ಟಿದ ದೇಶ ಅದು. ನನಗೆ ಅದರ ಮೇಲೆ ತುಂಬಾ ಗೌರವ. ಬಾಸೆಲ್‌ನಲ್ಲೋ ಸ್ಪೀಟ್ಸ್‌ನಲ್ಲೋ ಸಣ್ಣ ಅವಧಿಯ ಬದಲಾವಣೆ ಬಂದರೆ ಹೆದರಬೇಡಿ. ತಪ್ಪಿದರೂ ಸಾಮಾನ್ಯವಾಗಿ ಅರ್ಧ ಗಂಟೆಗೋ ಒಂದು ಗಂಟೆಗೋ ಮುಂದಿನದು ಇರುತ್ತದೆ.

ಜರ್ಮನಿಯ ಮಾತು ಬೇರೆ. 2024ರಲ್ಲಿ ಡಾಯ್ಚ ಬಾನ್‌ನ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದವು ಶೇ. 62.5 ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದೇ ಲೆಕ್ಕಿಸದೆ. ಹಳೆಯ ಹಳಿಗಳನ್ನು ಒಂದೊಂದು ಮಾರ್ಗವನ್ನೇ ತಿಂಗಳುಗಟ್ಟಲೆ ಮುಚ್ಚಿ ದುರಸ್ತಿ ಮಾಡುತ್ತಿದ್ದಾರೆ. ಫ್ರಾಂಕ್‌ಫರ್ಟ್–ಮಾನ್‌ಹೈಮ್ ಮಾರ್ಗ 2024ರ ಜುಲೈಯಿಂದ ಡಿಸೆಂಬರಿನವರೆಗೆ ಹೀಗೆ ಮುಚ್ಚಿತ್ತು. ಹಾಗಾಗಿ ಜರ್ಮನಿಯಲ್ಲಿ ನಿಮ್ಮಂಥವರಿಗೆ ನಾನು 40 ನಿಮಿಷಕ್ಕಿಂತ ಕಡಿಮೆ ಇಡುವುದೇ ಇಲ್ಲ. ಇಟಲಿಯಲ್ಲೂ ಅಷ್ಟೇ ಇಡಿ. ಇನ್ನು ದಿನದ ಕಡೆಯ ರೈಲಿಗೆ ಜೋಡಿಸುವ ಯೋಜನೆಯನ್ನು ಯಾವ ದೇಶದಲ್ಲೂ ಒಪ್ಪಬೇಡಿ.

ಸಮಯಕ್ಕಿಂತಲೂ ದೊಡ್ಡದು ಟಿಕೆಟ್ಟಿನ ಕರಾರು. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿದ್ದರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೂ ನಿಮ್ಮನ್ನು ಊರು ಮುಟ್ಟಿಸುವುದು ರೈಲ್ವೆಯ ಹೊಣೆ. ಐರೋಪ್ಯ ಒಕ್ಕೂಟದ ನಿಯಮದಂತೆ ಒಂದು ಗಂಟೆ ತಡವಾದರೆ ದರದ ಶೇ. 25, ಎರಡು ಗಂಟೆ ದಾಟಿದರೆ ಶೇ. 50 ವಾಪಸು ಕೇಳಬಹುದು; ಪ್ರವಾಹ, ಬಿರುಗಾಳಿಯಂಥ ಕಾರಣಗಳಿಗೆ ವಿನಾಯಿತಿ ಇದೆ. ಜರ್ಮನಿಯ ಅಗ್ಗದ ಟಿಕೆಟ್ಟು ನೀವು ಆರಿಸಿದ ಆ ಒಂದು ರೈಲಿಗೇ ಕಟ್ಟುಬಿದ್ದಿರುತ್ತದೆ. ಆದರೆ ಊರು ಮುಟ್ಟುವುದು 20 ನಿಮಿಷವೋ ಹೆಚ್ಚೋ ತಡವಾಗುತ್ತದೆಂದು ಕಂಡರೆ ಆ ಕಟ್ಟು ಬಿಚ್ಚುತ್ತದೆ, ಬೇರೆ ರೈಲು ಹತ್ತಬಹುದು. ಎರಡು ಅಂಗಡಿಯಲ್ಲಿ ಎರಡು ಟಿಕೆಟ್ ಕೊಂಡಿದ್ದರೆ ಈ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ನನ್ನ ಅಪ್ಪ ಅಮ್ಮ ಮೊದಲ ಸಲ ಬಂದಾಗ ನಾನೇ ಈ ತಪ್ಪು ಮಾಡಿದ್ದೆ. ಇಬ್ಬರ ಟಿಕೆಟ್ಟಿನಲ್ಲಿ ಮೂವತ್ತು ಯೂರೋ ಉಳಿಯಿತೆಂದು ದಾರಿಯನ್ನು ಎರಡು ತುಂಡು ಮಾಡಿ ಬೇರೆ ಬೇರೆ ಕೊಂಡೆ, ನಡುವೆ 14 ನಿಮಿಷ. ಮೊದಲ ರೈಲು 25 ನಿಮಿಷ ತಡ. ಪ್ಲಾಟ್‌ಫಾರಂ ತುದಿಗೆ ಬರುವಷ್ಟರಲ್ಲಿ ಎರಡನೆಯದರ ಕೆಂಪು ಹಿಂದೀಪ ಕಾಣುತ್ತಿತ್ತು. ಅಮ್ಮನ ಕೈಯಲ್ಲಿ ಮೊಸರನ್ನದ ಡಬ್ಬಿ, ಅಪ್ಪ ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಕೌಂಟರಿನಲ್ಲಿದ್ದವರು ಟಿಕೆಟ್ ತಿರುಗಿಸಿ ನೋಡಿ, ಇದು ಬೇರೆ ಕರಾರು, ಹೊಸದು ಕೊಳ್ಳಬೇಕು ಅಂದರು. ಉಳಿಸಿದ ಮೂವತ್ತಕ್ಕೆ ಇನ್ನೂರರ ಮೇಲೆ ಹೋಯಿತು. ದುಡ್ಡಿಗಿಂತ ಅಪ್ಪನ ಆ ಮುಖವೇ ನೆನಪಿನಲ್ಲಿ ಉಳಿದಿದೆ. ಅಂದಿನಿಂದ ಎರಡು ಟಿಕೆಟ್ಟಿನ ನಡುವೆ ಒಂದು ಊಟದಷ್ಟಾದರೂ ಹೊತ್ತು ಇಡುತ್ತೇನೆ, ಆಗುವುದಾದರೆ ಒಂದು ರಾತ್ರಿಯನ್ನೇ ಇಡುತ್ತೇನೆ.

ಈಗ ನಿಮ್ಮ ಸುತ್ತನ್ನು ತುಂಡು ತುಂಡಾಗಿ ನೋಡೋಣ. ಫ್ರಾಂಕ್‌ಫರ್ಟ್–ಪ್ಯಾರಿಸ್ ನೇರ ರೈಲು, ಡಿಬಿಯಲ್ಲೇ ಕೊಳ್ಳಿ. ಜರ್ಮನ್, ಫ್ರೆಂಚ್ ರೈಲ್ವೆಗಳು ಜೊತೆಯಾಗಿ ಓಡಿಸುವ ರೈಲು ಅದು; ಫ್ರೆಂಚ್ ಸೈಟಿನ ದರವನ್ನೂ ಒಮ್ಮೆ ನೋಡಿ. ಫ್ರಾಂಕ್‌ಫರ್ಟ್ ಮುಖ್ಯ ನಿಲ್ದಾಣ ಹಳಿ ಕೊನೆಯಾಗುವ ನಿಲ್ದಾಣ. ರೈಲುಗಳು ಬಂದ ಕಡೆಗೇ ಹೊರಡುತ್ತವೆ. ಕೂತ ಸೀಟು ಹಿಂದುಮುಂದಾದರೆ ಗಾಬರಿಯಾಗಬೇಡಿ.

ಪ್ಯಾರಿಸ್‌ನಿಂದ ಇಂಟರ್‌ಲಾಕೆನ್‌ಗೆ ಲಿರಿಯಾದಲ್ಲಿ ಬಾಸೆಲ್‌ವರೆಗೆ ಮೂರು ಗಂಟೆ ಚಿಲ್ಲರೆ, ಅಲ್ಲಿ ಬದಲಿಸಿ ಬರ್ನ್ ಮೇಲೆ ಎರಡು ಗಂಟೆ. ಲಿರಿಯಾ ಟಿಕೆಟ್ ಮುಂಚೆಯೇ ಕೊಳ್ಳಿ, ದಿನ ಹತ್ತಿರವಾದಂತೆ ಏರುತ್ತದೆ. ಸ್ವಿಸ್ ಒಳಗಿನ ತುಂಡಿಗೆ ಅವಸರವಿಲ್ಲ. ಅಲ್ಲಿ ಸಾಮಾನ್ಯ ಟಿಕೆಟ್ಟಿಗೆ ಯಾವ ರೈಲಾದರೂ ಆದೀತು. ನಾಲ್ಕಾರು ದಿನ ಬೆಟ್ಟ ಹತ್ತುವುದಿದ್ದರೆ ಪ್ರವಾಸಿಗರಿಗೆಂದೇ ಇರುವ ಒಂದು ತಿಂಗಳ ಅರ್ಧ ದರದ ಕಾರ್ಡನ್ನು ಲೆಕ್ಕ ಹಾಕಿ ನೋಡಿ. ಬೆಟ್ಟದ ರೈಲಿನ ದರ ದುಬಾರಿ, ಎರಡೇ ಬಾರಿ ಹತ್ತಿಳಿದರೂ ಅನುಕೂಲವಾಗಬಹುದು.

ಇಂಟರ್‌ಲಾಕೆನ್‌ನಿಂದ ವೆನಿಸ್ ಈ ಸುತ್ತಿನಲ್ಲೇ ಕಷ್ಟದ ದಿನ. ಸ್ಪೀಟ್ಸ್‌ನಲ್ಲಿ ಒಂದು ಬದಲಾವಣೆ, ಅಲ್ಲಿಂದ ಯೂರೋಸಿಟಿ ಹಿಡಿದರೆ 34.6 ಕಿ.ಮೀ. ಉದ್ದದ ಲೋಚ್‌ಬರ್ಗ್ ಸುರಂಗ, ಆಮೇಲೆ 1906ರ ಸಿಂಪ್ಲಾನ್ ಸುರಂಗ ದಾಟಿ ಇಟಲಿಯ ಮಿಲಾನ್. ಅಲ್ಲಿ ಮತ್ತೆ ಬದಲಿಸಿ ವೆನಿಸ್ಸಿಗೆ ಎರಡೂವರೆ ಗಂಟೆ. ಮಿಲಾನಿನಲ್ಲಿ ಒಂದೂವರೆ ಗಂಟೆ ಬಿಡಿ. ಹುಡುಕುವಾಗ ‘ನಡುವಿನ ನಿಲ್ದಾಣ’ದಲ್ಲಿ ಮಿಲಾನೊ ಚೆಂತ್ರಾಲೆ ಹಾಕಿ, ಅಲ್ಲಿ ನಿಲ್ಲುವ ಹೊತ್ತು 90 ನಿಮಿಷ ಎಂದು ಕೊಟ್ಟರೆ ಯಂತ್ರ ಅದಕ್ಕೆ ತಕ್ಕ ರೈಲನ್ನೇ ತರುತ್ತದೆ. ಮಿಲಾನ್–ವೆನಿಸ್ ನಡುವೆ ಇಟಲಿಯ ಸರ್ಕಾರಿ ರೈಲ್ವೆ ಟ್ರೆನಿಟಾಲಿಯಾ, ಖಾಸಗಿ ಇಟಾಲೊ ಎರಡೂ ಪೈಪೋಟಿಯಲ್ಲಿ ಓಡುವುದರಿಂದ ಎರಡರ ಸೈಟನ್ನೂ ನೋಡಿ. ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯದು. ಮಿಲಾನಿನಲ್ಲಿ ಪ್ಲಾಟ್‌ಫಾರಂಗೆ ಹೋಗುವ ಮುಂಚೆಯೇ ಗೇಟಿನಲ್ಲಿ ಟಿಕೆಟ್ ನೋಡುತ್ತಾರೆ, ಮೊಬೈಲಿನಲ್ಲಿ ಚಾರ್ಜ್ ಇರಲಿ. ಇಟಲಿಯಲ್ಲಿ ಮುಷ್ಕರಗಳು ಆಗಾಗ ಆಗುತ್ತವೆ, ಆದರೆ ಮೊದಲೇ ಸಾರಿಯೇ ನಡೆಯುತ್ತವೆ. ಮುಷ್ಕರದ ದಿನವೂ ಓಡಲೇಬೇಕಾದ ದೂರದ ರೈಲುಗಳ ಪಟ್ಟಿ ಟ್ರೆನಿಟಾಲಿಯಾ ಸೈಟಿನಲ್ಲಿರುತ್ತದೆ. ಹೊರಡುವ ವಾರದ ಮುಂಚೆ ನೋಡಿಕೊಳ್ಳಿ.

ವೆನಿಸ್–ವಿಯೆನ್ನಾ ನೇರ ರೈಲ್‌ಜೆಟ್ ಇದೆ, ಏಳು ಗಂಟೆಯ ಆಸುಪಾಸು. ಆಸ್ಟ್ರಿಯಾ ರೈಲ್ವೆ ಓಬಿಬಿಯ ಸೈಟಿನಲ್ಲಿ ಕೊಳ್ಳಿ. ದಿನಕ್ಕೆ ಬೆರಳೆಣಿಕೆಯಷ್ಟೇ ಇರುವುದರಿಂದ ನಿಮ್ಮ ಇಡೀ ಯೋಜನೆಯಲ್ಲಿ ಮೊದಲು ಗೊತ್ತುಮಾಡಬೇಕಾದದ್ದು ಇದೇ ರೈಲು. ಉಳಿದ ದಿನಗಳನ್ನು ಇದರ ಸುತ್ತ ಹೊಂದಿಸಿ. ರಾತ್ರಿಯ ನೈಟ್‌ಜೆಟ್ ಕೂಡ ಉಂಟು. ಒಂದು ರಾತ್ರಿಯ ಹೋಟೆಲ್ ಉಳಿಯುತ್ತದೆ ನಿಜ, ಆದರೆ ಮಂಡಿ ನೋವಿನವರಿಗೆ ಮೇಲಿನ ಬರ್ತ್ ಹತ್ತುವ ಪಾಡು ಬೇಡ. ಜೊತೆಗೆ ನೈಟ್‌ಜೆಟ್‌ನಲ್ಲಿ ಒಂದೇ ರೈಲಿನ ಡಬ್ಬಿಗಳು ನಡುರಾತ್ರಿ ಬೇರೆಯಾಗಿ ಬೇರೆ ಬೇರೆ ಊರಿಗೆ ಹೋಗುವುದುಂಟು. ಹಗಲಿನ ರೈಲಿನಲ್ಲಾದರೆ ಆಲ್ಪ್ಸ್ ಕಣ್ತುಂಬ ಕಾಣುತ್ತದೆ.

ವಿಯೆನ್ನಾ–ಪ್ರಾಗ್ ರೈಲಿಗೆ ನೀವು ಕೇಳಿದ ‘ಎರಡು ದರ’ದ ಉತ್ತರ ಸಿಗುತ್ತದೆ. ಆ ಮಾರ್ಗದ ರೈಲನ್ನು ಓಬಿಬಿಯೂ ಮಾರುತ್ತದೆ, ಚೆಕ್ ರೈಲ್ವೆಯೂ ಮಾರುತ್ತದೆ. ಅದೇ ರೈಲು, ಅದೇ ಸೀಟು. ಆದರೆ ಅಗ್ಗದ ಟಿಕೆಟ್ಟುಗಳ ಪಾಲು ಇಬ್ಬರಿಗೂ ಬೇರೆ ಬೇರೆ. ಇವರಲ್ಲಿ ಮುಗಿದಿದ್ದರೆ ಅವರಲ್ಲಿ ಇರುತ್ತದೆ. ಎರಡೂ ಅಸಲಿ ಟಿಕೆಟ್ಟೇ, ಕಡಿಮೆಯದನ್ನು ಧೈರ್ಯವಾಗಿ ಕೊಳ್ಳಿ. ರೆಜಿಯೊಜೆಟ್ ಎಂಬ ಹಳದಿ ಬಣ್ಣದ ಖಾಸಗಿ ರೈಲು ಬೇರೆ ಇದೆ, ಅದರ ಟಿಕೆಟ್ ಅದರ ಸೈಟಿನಲ್ಲಿ. ನಡುವೆ ನಿಂತು ಮಾರುವ ಏಜೆಂಟ್ ಸೈಟುಗಳೂ ಬೇಕಾದಷ್ಟಿವೆ. ಕೆಲವು ಚೆನ್ನಾಗಿಯೇ ಇವೆ, ಆದರೆ ರೈಲು ರದ್ದಾದಾಗ ದುಡ್ಡು ವಾಪಸು ಕೇಳಲು ಇಬ್ಬರ ಬಾಗಿಲು ತಟ್ಟಬೇಕಾಗುತ್ತದೆ. ಓಡಿಸುವವರಲ್ಲೇ ಕೊಳ್ಳುವುದು ಮೇಲು.

ಪಾಸ್ ಬೇಕೇ? ನಿಮ್ಮ ಸುತ್ತಿಗೆ ಬೇಡ ಎಂದೇ ನನ್ನ ಸಲಹೆ. ಭಾರತದಿಂದ ಬರುವವರಿಗೆ ಸಿಗುವುದು ಯೂರೇಲ್ ಪಾಸ್ (ಇಂಟರ್‌ರೇಲ್ ಎಂಬುದು ಯುರೋಪಿನಲ್ಲೇ ವಾಸಿಸುವವರಿಗೆ). ಪಾಸ್ ಇದ್ದರೂ ಫ್ರಾನ್ಸಿನ ಟಿಜಿವಿ, ಇಟಲಿಯ ವೇಗದ ರೈಲುಗಳಲ್ಲಿ ಸೀಟಿಗೆ ಬೇರೆ ದುಡ್ಡು ಕೊಡಬೇಕು, ಫ್ರೆಂಚ್ ರೈಲುಗಳಲ್ಲಿ ಪಾಸಿನವರಿಗೆ ಇಷ್ಟೇ ಸೀಟು ಎಂಬ ಮಿತಿಯೂ ಇದೆ. ದಿನ ನಿಶ್ಚಯವಾಗಿರುವ ಆರು ಪ್ರಯಾಣಕ್ಕೆ ಮೂರು ತಿಂಗಳು ಮುಂಚೆ ಕೊಂಡ ಬಿಡಿ ಟಿಕೆಟ್ಟುಗಳೇ ಹೆಚ್ಚಾಗಿ ಅಗ್ಗವಾಗುತ್ತವೆ. ಬೆಳಗ್ಗೆ ಎದ್ದು ಇವತ್ತು ಎಲ್ಲಿಗೆ ಹೋಗೋಣ ಎಂದು ತೀರ್ಮಾನಿಸುವ ಹುಡುಗರಿಗೆ ಪಾಸು ಒಳ್ಳೆಯದು.

ಕೊಳ್ಳುವ ಮುಂಚೆ ಇನ್ನೆರಡು ಮಾತು. ವೀಸಾ ಕೈಗೆ ಬರುವವರೆಗೆ ವಾಪಸಾಗದ ಟಿಕೆಟ್ ಕೊಳ್ಳಬೇಡಿ. ಜರ್ಮನಿಯ ಅತಿ ಅಗ್ಗದ ಸೂಪರ್ ಸ್ಪಾರ್‌ಪ್ರೈಸ್ ರದ್ದು ಮಾಡಿದರೆ ದುಡ್ಡು ಬಾರದು. ದರ ಏರುವ ಭಯವಿದ್ದರೂ ಕಾಯಿರಿ. ನಮ್ಮ ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ಪಾವತಿಯನ್ನು ನಾವೇ ತೆರೆದಿಡಬೇಕು, ತೆರೆದರೂ ಕೆಲವು ಸೈಟು ಒಪ್ಪುವುದಿಲ್ಲ. ಮಗಳ ಕಾರ್ಡಿನಲ್ಲಿ ಕೊಂಡು ಟಿಕೆಟ್ ಮೇಲೆ ನಿಮ್ಮಿಬ್ಬರ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಹಾಕಿಸಿ. ಜರ್ಮನಿಯ ರೈಲುಗಳಲ್ಲಿ ಟಿಕೆಟ್ ಇದ್ದ ಮಾತ್ರಕ್ಕೆ ಸೀಟು ಇದೆಯೆಂದಲ್ಲ. ಐದಾರು ಯೂರೋ ಕೊಟ್ಟು ಸೀಟು ಕಾದಿರಿಸಿ, ಇಲ್ಲವಾದರೆ ನಿಂತು ಹೋಗಬೇಕಾದೀತು. ಪಾಸ್‌ಪೋರ್ಟನ್ನು ಸೂಟ್‌ಕೇಸಿನ ತಳದಲ್ಲಿ ಇಡಬೇಡಿ. ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಒಳಗೆ ಗಡಿ ಇಲ್ಲವೆಂದರೂ 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರುಮಾಡಿದೆ. ಪೊಲೀಸರು ರೈಲಿನೊಳಗೇ ಬಂದು ಕೇಳುತ್ತಾರೆ.

ಟಿಕೆಟ್ಟಿನ ಸಮಯವನ್ನು ಧಾರವಾಡದಲ್ಲಿ ಕೂತು ಫೋನಿನ ಕ್ಯಾಲೆಂಡರಿಗೆ ಸೇರಿಸಿದರೆ ಒಂದು ಎಡವಟ್ಟು ಆಗುತ್ತದೆ. 13:58ಕ್ಕೆ ಹೊರಡುವ ರೈಲನ್ನು ಫೋನು ನಮ್ಮ ಗಡಿಯಾರಕ್ಕೆ ಹೊಂದಿಸಿ 17:28 ಎಂದು ತೋರಿಸುತ್ತದೆ. ಮೇ ತಿಂಗಳಲ್ಲಿ ಅಲ್ಲಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ. ಅದನ್ನೇ ನೋಡಿ ಹಾಳೆಯಲ್ಲಿ ಬರೆದುಕೊಂಡರೆ ರೈಲು ಹೋಗಿ ಮೂರೂವರೆ ಗಂಟೆಯಾದ ಮೇಲೆ ನಿಲ್ದಾಣ ಮುಟ್ಟುತ್ತೀರಿ. ಟಿಕೆಟ್ ಮೇಲೆ ಅಚ್ಚಾದ ಸಮಯ ಯಾವತ್ತೂ ಆ ಊರಿನದು. ಅದನ್ನೇ ನಂಬಿ.

ಹೊರಡುವ ಹಿಂದಿನ ಸಂಜೆ ಆ್ಯಪ್‌ನಲ್ಲಿ ಆ ರೈಲಿನ ನಂಬರು ಹಾಕಿ ಮತ್ತೊಮ್ಮೆ ನೋಡಿ. ಪ್ಲಾಟ್‌ಫಾರಂ, ಸಮಯ ಬದಲಾಗಿದ್ದರೆ ಕೆಂಪಿನಲ್ಲಿ ಕಾಣುತ್ತದೆ. ಜರ್ಮನಿಯಲ್ಲಿ ಡಬ್ಬಿಗಳ ಸಾಲಿನ ಚಿತ್ರವನ್ನೂ ಕೊಡುತ್ತಾರೆ: ನಿಮ್ಮ ಡಬ್ಬಿ ಪ್ಲಾಟ್‌ಫಾರಂನ ಎ, ಬಿ, ಸಿ ಯಾವ ಭಾಗದಲ್ಲಿ ನಿಲ್ಲುತ್ತದೆಂದು. ಅಲ್ಲೇ ನಿಂತಿರಿ. ಅಲ್ಲಿಯ ರೈಲು ದೊಡ್ಡ ಊರಲ್ಲೂ ಎರಡು ಮೂರು ನಿಮಿಷ ಮಾತ್ರ ನಿಲ್ಲುತ್ತದೆ, ಆ ತುದಿಯಿಂದ ಈ ತುದಿಗೆ ಸೂಟ್‌ಕೇಸು ಎಳೆದು ಓಡಲಾಗದು. ಕೆಲವು ಐಸಿಇಗಳು ಎರಡು ರೈಲು ಜೋಡಿಸಿದಂತಿದ್ದು ನಡುದಾರಿಯಲ್ಲಿ ಬೇರೆಯಾಗುತ್ತವೆ. ಡಬ್ಬಿಯ ಹೊರಗಿನ ಫಲಕದಲ್ಲಿ ನಿಮ್ಮ ಊರಿನ ಹೆಸರು ಇದೆಯೇ ನೋಡಿಯೇ ಹತ್ತಿ.

ಕಡೆಯ ತುಂಡು ಪ್ರಾಗ್‌ನಿಂದ ಫ್ರಾಂಕ್‌ಫರ್ಟ್. ಡ್ರೆಸ್ಡನ್‌ವರೆಗೆ ಯೂರೋಸಿಟಿ, ಎರಡೂವರೆ ಗಂಟೆಯ ಒಳಗೆ. ಅಲ್ಲಿಂದ ಲೈಪ್‌ಜಿಗ್, ಎರ್ಫುರ್ಟ್ ಮೇಲೆ ಐಸಿಇ, ನಾಲ್ಕು ಗಂಟೆಯ ಮೇಲೆ. ಇದನ್ನು ಒಂದೇ ಟಿಕೆಟ್ ಆಗಿ ಡಿಬಿಯಲ್ಲಿ ಕೊಳ್ಳಿ, ಡ್ರೆಸ್ಡನ್‌ನಲ್ಲಿ ಒಂದು ಗಂಟೆ ಬಿಡಿ, ಪ್ಲಾಟ್‌ಫಾರಂ ಬದಲಿಸಲು ಲಿಫ್ಟ್ ಇದೆ. ಪ್ರಾಗ್ ಬಿಡುವಾಗ ಸೀಟು ಆರಿಸುವ ಅವಕಾಶ ಸಿಕ್ಕರೆ ರೈಲು ಹೋಗುವ ದಿಕ್ಕಿಗೆ ಬಲಗಡೆಯ ಕಿಟಕಿ ಹಿಡಿಯಿರಿ. ಎಲ್ಬ್ ನದಿ ಬಲಕ್ಕೇ ಹರಿಯುತ್ತದೆ. ಗಡಿ ದಾಟಿ ಬಾಡ್ ಷಾಂಡೌ ಬಿಟ್ಟ ಮೇಲೆ ರಾಟನ್ ಹತ್ತಿರ ನದಿಯ ಆಚೆ ದಡದಲ್ಲಿ ಬಾಸ್ಟಾಯ್ ಬಂಡೆಗಳು ಎದ್ದು ನಿಲ್ಲುತ್ತವೆ. ರೈಲು ಅಲ್ಲಿ ನಿಲ್ಲುವುದಿಲ್ಲ, ಎರಡು ನಿಮಿಷದಲ್ಲಿ ದಾಟಿಬಿಡುತ್ತದೆ. ಯಜಮಾನರನ್ನು ಮುಂಚೆಯೇ ಎಬ್ಬಿಸಿಡಿ.